ಬೇಟೆಯ ರಿವಾಲ್ವರ್‌ಗೆ ಸ್ಕೋಪ್: ಆಯ್ಕೆ, ಜೋಡಣೆ, ಝೀರೋ ಮತ್ತು ಬಳಕೆ

ಪ್ರಶ್ನೆ: ನನ್ನ ಬಳಿ ಏಳೂವರೆ ಇಂಚು ನಳಿಕೆಯ .44 ಮ್ಯಾಗ್ನಮ್ ರಿವಾಲ್ವರ್ ಇದೆ. ಅನುಮತಿ ಇರುವ ಋತುವಿನಲ್ಲಿ ಜಿಂಕೆ ಬೇಟೆಗೆ ಅದನ್ನು ಬಳಸುತ್ತೇನೆ. ಐವತ್ತು ದಾಟಿದ ಮೇಲೆ ಹಿಂದಿನ ಸೈಟು, ಮುಂದಿನ ಸೈಟು, ಪ್ರಾಣಿ ಈ ಮೂರೂ ಒಟ್ಟಿಗೆ ಕಣ್ಣಿಗೆ ಸ್ಪಷ್ಟವಾಗಿ ನಿಲ್ಲುತ್ತಿಲ್ಲ. ಆದ್ದರಿಂದ ಸ್ಕೋಪ್ ಹಾಕಿಸಬೇಕೆಂದಿದ್ದೇನೆ. ರೈಫಲ್‌ನಿಂದ ತೆಗೆದಿಟ್ಟ 3–9 (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ) ಸ್ಕೋಪ್ ಒಂದಿದೆ, ಅದನ್ನೇ ಕೂರಿಸಬಹುದೇ? ಸ್ನೇಹಿತರೊಬ್ಬರ ರಿವಾಲ್ವರ್‌ನ ಸ್ಕೋಪ್‌ನಲ್ಲಿ ನೋಡಿದಾಗ ಚಿತ್ರ ಒಂದು ಕ್ಷಣ ಕಂಡು ಮರುಕ್ಷಣ ಕಪ್ಪಾಗುತ್ತಿತ್ತು, ಅದಕ್ಕೆ ಕಾರಣವೇನು? ಬೆಂಚಿನ ಮೇಲೆ ಸರಿಯಾಗಿ ಝೀರೋ ಮಾಡಿದ್ದು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬಡಿಯುವಂತೆ ಹೊಂದಿಸಿದ್ದು, ಕಾಡಿನಲ್ಲಿ ಬೇರೆ ಕಡೆ ಬಡಿಯುತ್ತದೆ ಎಂದೂ ಅವರು ಹೇಳುತ್ತಾರೆ.

ಉತ್ತರ: ರೈಫಲ್‌ನ ಸ್ಕೋಪನ್ನು ರಿವಾಲ್ವರ್ ಮೇಲೆ ಕೂರಿಸಬೇಡಿ. ಅದು ಕೆಲಸಕ್ಕೆ ಬಾರದು, ಮೇಲಾಗಿ ಅಪಾಯಕಾರಿ. ರೈಫಲ್ ಸ್ಕೋಪ್‌ನಲ್ಲಿ ಪೂರ್ಣ ಚಿತ್ರ ಕಾಣಬೇಕಾದರೆ ಕಣ್ಣು ಹಿಂದಿನ ಮಸೂರದಿಂದ ಸುಮಾರು 8ರಿಂದ 10 ಸೆಂ.ಮೀ. ದೂರದಲ್ಲಿರಬೇಕು. ಚಾಚಿದ ಕೈಯಲ್ಲಿ ಹಿಡಿದ ರಿವಾಲ್ವರ್‌ನಿಂದ ನಿಮ್ಮ ಕಣ್ಣಿಗೆ ಇರುವ ಅಂತರ ಇದರ ಐದಾರು ಪಟ್ಟು. ಅಷ್ಟು ದೂರದಿಂದ ರೈಫಲ್ ಸ್ಕೋಪ್‌ನಲ್ಲಿ ಕಾಣುವುದು ಕಪ್ಪು ವರ್ತುಲದ ನಡುವಿನ ಬೆಳಕಿನ ಚುಕ್ಕೆ ಮಾತ್ರ. ಚಿತ್ರ ಕಾಣಲೆಂದು ಮೊಣಕೈ ಮಡಿಸಿ ರಿವಾಲ್ವರನ್ನು ಮುಖದ ಹತ್ತಿರಕ್ಕೆ ತಂದುಕೊಂಡರೆ, ಮೊದಲ ಗುಂಡಿಗೇ ಸ್ಕೋಪ್‌ನ ಅಂಚು ಹುಬ್ಬನ್ನು ಸೀಳುತ್ತದೆ, ಕಣ್ಣಿಗೇ ಬಡಿಯಲೂಬಹುದು. ಹ್ಯಾಂಡ್‌ಗನ್‌ಗೆಂದೇ ತಯಾರಾಗುವ ಸ್ಕೋಪ್‌ಗಳಲ್ಲಿ ಈ ಕಣ್ಣಿನ ಅಂತರ ಸಾಮಾನ್ಯವಾಗಿ 30ರಿಂದ 60 ಸೆಂ.ಮೀ. ಒಳಗೆ ಇರುತ್ತದೆ. ‘ಸ್ಕೌಟ್’ ಹೆಸರಿನಲ್ಲಿ ಮಾರುವ, ರೈಫಲ್ ನಳಿಕೆಯ ಮೇಲೆ ಮುಂದಕ್ಕೆ ಕೂರಿಸುವ ಸ್ಕೋಪ್‌ಗಳ ಅಂತರ ಇವೆರಡರ ನಡುವಿನದು. ಕೈ ಚಾಚಿ ಹೊಡೆಯುವವರಿಗೆ ಅದು ಸಾಮಾನ್ಯವಾಗಿ ಸಾಲುವುದಿಲ್ಲ.

ಖರೀದಿಗೆ ಮುನ್ನ ಒಂದು ಅಳತೆ ಮಾಡಿಕೊಳ್ಳಿ. ರಿವಾಲ್ವರ್ ಖಾಲಿ ಇದೆಯೆಂದು ಸಿಲಿಂಡರ್ ತೆರೆದು ಎರಡು ಬಾರಿ ಖಚಿತಪಡಿಸಿಕೊಂಡ ಮೇಲೆ, ನೀವು ಕಾಡಿನಲ್ಲಿ ಹಿಡಿಯುವ ಭಂಗಿಯಲ್ಲೇ ಅದನ್ನು ಹಿಡಿದು ಸುರಕ್ಷಿತ ದಿಕ್ಕಿಗೆ ಚಾಚಿ, ಕಣ್ಣಿನಿಂದ ಹಿಂದಿನ ಸೈಟಿನವರೆಗಿನ ದೂರವನ್ನು ಮತ್ತೊಬ್ಬರಿಂದ ಟೇಪಿನಲ್ಲಿ ಅಳೆಸಿ. ನಿಂತಾಗ, ಕುಳಿತಾಗ, ಬೆಂಚಿನ ಮೇಲೆ ಒರಗಿದಾಗ ಈ ದೂರ ಬೇರೆ ಬೇರೆ ಬರುತ್ತದೆ. ಬೆಂಚಿನಲ್ಲಿ ಕೂತವರು ತಮಗರಿವಿಲ್ಲದೆಯೇ ರಿವಾಲ್ವರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಈ ಮೂರು ಅಳತೆಗಳೂ ಸ್ಕೋಪ್ ತಯಾರಕರು ಹೇಳಿದ ಅಂತರದ ಮಿತಿಯೊಳಗೆ ಬರುವಂತಿರಬೇಕು.

ಈ ವಿಷಯದ ತಿರುಳು ಇಲ್ಲೇ ಇದೆ. ರೈಫಲ್‌ನಲ್ಲಿ ಕೆನ್ನೆ ಹಿಡಿಮರದ ಮೇಲೆ ಕೂತಿರುತ್ತದೆ, ಹೆಗಲು ಹಿಂದಿನಿಂದ ತಾಗಿರುತ್ತದೆ. ಕಣ್ಣು ಪ್ರತಿಸಲವೂ ಸ್ಕೋಪ್‌ನ ನೇರಕ್ಕೆ ತಾನಾಗಿ ಬಂದು ನಿಲ್ಲುತ್ತದೆ. ರಿವಾಲ್ವರ್‌ನಲ್ಲಿ ಕಣ್ಣಿಗೂ ಸ್ಕೋಪಿಗೂ ನಡುವೆ ಇರುವ ಸಂಬಂಧ ಎರಡು ಕೈಗಳದ್ದು ಮಾತ್ರ. ಸ್ಕೋಪ್‌ನ ಹಿಂದಿನ ಮಸೂರದಿಂದ ಹೊರಬರುವ ಬೆಳಕು ಒಂದು ಸಣ್ಣ ಕಂಬದ ಹಾಗೆ ಬರುತ್ತದೆ. ಕಣ್ಣಿನ ಪಾಪೆ ಆ ಕಂಬದೊಳಗೆ ಇದ್ದರಷ್ಟೇ ಚಿತ್ರ. ಕಂಬದ ವ್ಯಾಸ ಎಷ್ಟೆಂದು ತಿಳಿಯಲು ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಬೇಕು. 20 ಮಿ.ಮೀ. ಮಸೂರದ ಎರಡು ಪಟ್ಟಿನ ಸ್ಕೋಪ್‌ನಲ್ಲಿ ಅದು 10 ಮಿ.ಮೀ.; 32 ಮಿ.ಮೀ. ಮಸೂರದ 2–7 ಸ್ಕೋಪನ್ನು ಏಳಕ್ಕೆ ಏರಿಸಿದಾಗ ನಾಲ್ಕೂವರೆ ಮಿ.ಮೀ.ಗೆ ಇಳಿಯುತ್ತದೆ. ಚಾಚಿದ ಕೈಯ ತುದಿಯಲ್ಲಿ ಒಂದೂವರೆ ಕಿಲೋ ತೂಕ ಹಿಡಿದು, ನಾಲ್ಕೂವರೆ ಮಿ.ಮೀ. ಬೆಳಕಿನೊಳಗೆ ಕಣ್ಣನ್ನು ನಿಲ್ಲಿಸುವುದು ನುರಿತವರಿಗೂ ಕಷ್ಟ. ನಿಮ್ಮ ಸ್ನೇಹಿತರ ಸ್ಕೋಪ್‌ನಲ್ಲಿ ಚಿತ್ರ ಬಂದು ಹೋಗುತ್ತಿದ್ದುದು ಬಹುಮಟ್ಟಿಗೆ ಇದೇ ಕಾರಣದಿಂದ. ವರ್ಧನೆಯ ಉಂಗುರವನ್ನು ಕೆಳಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿ. ಆ ಕಪ್ಪು ಬಹಳ ಮಟ್ಟಿಗೆ ಮಾಯವಾಗಿರುತ್ತದೆ.

ಹೀಗಾಗಿ ಹ್ಯಾಂಡ್‌ಗನ್‌ಗೆ ಕಡಿಮೆ ವರ್ಧನೆಯ ಸ್ಕೋಪೇ ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. .44 ಮ್ಯಾಗ್ನಮ್ ರಿವಾಲ್ವರ್‌ಗೆ ಎರಡು ಪಟ್ಟಿನ ಸ್ಥಿರ ವರ್ಧನೆ ಸಾಕು. ವರ್ಧನೆ ಬದಲಿಸಬಲ್ಲದ್ದೇ ಬೇಕೆನ್ನುವವರು 2–7ರಂಥದ್ದನ್ನು ಕೊಂಡು ಕಾಡಿನಲ್ಲಿ ಎರಡರ ಮೇಲೆಯೇ ಇಟ್ಟುಕೊಂಡು, ಹೆಚ್ಚಿನ ವರ್ಧನೆಯನ್ನು ಕಾಗದದ ಗುರಿಯ ಮೇಲೆ ಗುಂಡುಗಳ ಗುಂಪು ನೋಡುವುದಕ್ಕೆ ಮಾತ್ರ ಬಳಸಬೇಕು. ವರ್ಧನೆ ಏರಿದಂತೆ ಪ್ರಾಣಿಯ ಜೊತೆಗೆ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಡುಕ ಹೆಚ್ಚಿರುವುದಿಲ್ಲ, ಕಾಣುವುದು ಹೆಚ್ಚಿರುತ್ತದೆ. ಆದರೂ ಅದನ್ನು ಕಂಡ ಮನಸ್ಸು ಗಲಿಬಿಲಿಗೊಂಡು, ಕ್ರಾಸ್‌ಹೇರ್ (ಸ್ಕೋಪ್‌ನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳು) ಗುರಿಯನ್ನು ಹಾದುಹೋಗುವ ಕ್ಷಣಕ್ಕೆ ಟ್ರಿಗರನ್ನು ಕಿತ್ತೆಳೆಯಲು ಬೆರಳಿಗೆ ಹೇಳುತ್ತದೆ. ಗುರಿ ತಪ್ಪುವ ಕಾರಣಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೋಲ್ಟ್ ಇರುವ ಅಥವಾ ಮಡಿಸಿ ತೆರೆಯುವ ಒಂಟಿ ಗುಂಡಿನ ಪಿಸ್ತೂಲುಗಳ ಮಾತು ಬೇರೆ. 1963ರಲ್ಲಿ ಬಂದ ರೆಮಿಂಗ್ಟನ್ ಎಕ್ಸ್‌ಪಿ-100, 1967ರ ಥಾಂಪ್ಸನ್ ಸೆಂಟರ್ ಕಂಟೆಂಡರ್ ಇವೆಲ್ಲ ರೈಫಲ್ ದರ್ಜೆಯ ತೋಟಾಗಳನ್ನು ಹಾರಿಸುವಂಥವು. ಅವುಗಳನ್ನು ಸಾಮಾನ್ಯವಾಗಿ ಆಸರೆಯ ಮೇಲಿಟ್ಟೇ ದೂರದ ಗುರಿಗೆ ಹೊಡೆಯುವುದರಿಂದ ಹೆಚ್ಚಿನ ವರ್ಧನೆಗೆ ಅಲ್ಲಿ ಅರ್ಥವಿದೆ.

ಕ್ರಾಸ್‌ಹೇರ್ ದಪ್ಪಗಿರಲಿ. ಅಂಚಿನಲ್ಲಿ ದಪ್ಪ, ನಡುವೆ ತೆಳುವಾಗುವ ಗೆರೆಗಳು ಮಂಕು ಬೆಳಕಿನಲ್ಲೂ ಕಣ್ಣಿಗೆ ಸಿಗುತ್ತವೆ. ಕೂದಲೆಳೆಯಂಥ ಗೆರೆಗಳು ಸಂಜೆಯ ಪೊದೆಗಳ ಹಿನ್ನೆಲೆಯಲ್ಲಿ ಕಾಣಿಸುವುದೇ ಇಲ್ಲ. ಪ್ಯಾರಲಾಕ್ಸ್ ಬಗ್ಗೆ, ಅಂದರೆ ಕಣ್ಣು ಪಕ್ಕಕ್ಕೆ ಸರಿದಾಗ ಕ್ರಾಸ್‌ಹೇರ್ ಗುರಿಯ ಮೇಲಿಂದ ಸರಿದಂತೆ ಕಾಣುವ ದೋಷದ ಬಗ್ಗೆ ಅನೇಕರು ಕೇಳುತ್ತಾರೆ. 100 ಮೀಟರ್‌ಗೆ ಹೊಂದಿಸಿದ, 32 ಮಿ.ಮೀ. ಮಸೂರದ ಸ್ಕೋಪ್‌ನಲ್ಲಿ 50 ಮೀಟರ್ ದೂರದ ಗುರಿಯನ್ನು ಕಣ್ಣು ಪೂರ್ತಿ ಅಂಚಿಗೆ ಸರಿದ ಸ್ಥಿತಿಯಲ್ಲಿ ನೋಡಿದರೂ ಬರುವ ದೋಷ ಒಂದು ಸೆಂ.ಮೀ. ಒಳಗೇ ಉಳಿಯುತ್ತದೆ. ಬೇಟೆಯ ಮಟ್ಟಿಗೆ ಅದು ಗಣನೆಗೆ ಬರುವಂಥದ್ದಲ್ಲ.

ನಿಮ್ಮ ತೊಂದರೆ ಕಣ್ಣಿನ ಫೋಕಸ್‌ನದ್ದು ಮಾತ್ರವಾಗಿದ್ದು, ಹೊಡೆಯುವ ದೂರ 50 ಮೀಟರ್ ಮೀರುವುದಿಲ್ಲವೆಂದಾದರೆ, ಸ್ಕೋಪ್‌ಗೆ ಮೊದಲು ಗಾಜಿನಲ್ಲಿ ಕೆಂಪು ಚುಕ್ಕೆಯನ್ನು ತೋರಿಸುವ ರೆಡ್ ಡಾಟ್ ಸೈಟನ್ನು ಪರಿಗಣಿಸಿ. ಅದರಲ್ಲಿ ವರ್ಧನೆ ಇಲ್ಲ, ಕಣ್ಣಿನ ಅಂತರದ ನಿರ್ಬಂಧವೂ ಇಲ್ಲ, ತೂಕ ಕಡಿಮೆ, ಎರಡೂ ಕಣ್ಣು ತೆರೆದೇ ಬಳಸಬಹುದು. ಸ್ಕೋಪ್‌ನ ಹಾಗೆಯೇ ಗುರಿಗುರುತನ್ನೂ ಗುರಿಯನ್ನೂ ಕಣ್ಣಿನ ಒಂದೇ ಫೋಕಸ್‌ಗೆ ತಂದು ಕೊಡುತ್ತದೆ. ದೃಷ್ಟಿದೋಷ ಇರುವವರಿಗೆ ಕೆಂಪು ಚುಕ್ಕೆ ಒಡೆದು ಬಾಲ ಬಂದಂತೆ ಕಾಣುವುದುಂಟು, ಬ್ಯಾಟರಿಯ ಮೇಲೆ ನಿಗಾ ಇಡಬೇಕಾಗುತ್ತದೆ. ಕಾಡಿನ ನಸುಕಿನಲ್ಲಿ ಜಿಂಕೆಯ ಮುಂಗಾಲಿನ ಹಿಂಬದಿಯನ್ನು ಕೊಂಬೆಗಳ ನಡುವಿನಿಂದ ಬೇರ್ಪಡಿಸಿ ನೋಡಲು ಮಾತ್ರ ಎರಡು ಪಟ್ಟಿನ ಸ್ಕೋಪೇ ಮೇಲು. ನಿಮ್ಮ ಪ್ರಶ್ನೆ ಸ್ಕೋಪಿನದ್ದಾದ್ದರಿಂದ ಅದರ ಕಡೆಗೇ ಹೋಗುತ್ತೇನೆ.

ಜೋಡಣೆಯ ವಿಷಯದಲ್ಲಿ ಮೊದಲು ಒದೆತದ ಸ್ವರೂಪವನ್ನು ಅರ್ಥ ಮಾಡಿಕೊಳ್ಳಬೇಕು. ಸುಮಾರು ಹದಿನೈದೂವರೆ ಗ್ರಾಂ ತೂಕದ 240 ಗ್ರೇನ್ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಾಗ, ಒಂದೂವರೆ ಕಿಲೋ ಚಿಲ್ಲರೆ ತೂಗುವ ರಿವಾಲ್ವರ್ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ನಾಲ್ಕು ಕಿಲೋ ತೂಗುವ .308 ರೈಫಲ್ ಹೆಚ್ಚು ಶಕ್ತಿಯ ತೋಟಾ ಹಾರಿಸಿದರೂ ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 3 ಮೀಟರ್ ಆಸುಪಾಸು. ರಿವಾಲ್ವರ್ ಆ 5 ಮೀಟರ್ ವೇಗವನ್ನು ಗಳಿಸುವುದು ಒಂದೆರಡು ಮಿಲಿಸೆಕೆಂಡಿನಲ್ಲಿ. ಆ ಹೊತ್ತಿನಲ್ಲಿ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ರಿವಾಲ್ವರ್ ಅದರ ಅಡಿಯಿಂದ ಹಿಂದಕ್ಕೂ ಮೇಲಕ್ಕೂ ಜಿಗಿಯುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ 250 ಗ್ರಾಂ ಸ್ಕೋಪ್ ತನ್ನ ಸ್ಕ್ರೂಗಳ ಮೇಲೆ ಹಾಕುವ ಎಳೆತ ಕ್ಷಣಮಾತ್ರಕ್ಕೆ ನೂರು ಕಿಲೋ ತೂಕದ ಸಮೀಪಕ್ಕೆ ಹೋಗುತ್ತದೆ. ಸ್ಕೋಪ್ ಭಾರವಾದಷ್ಟೂ ಆ ಎಳೆತ ಅದೇ ಪ್ರಮಾಣದಲ್ಲಿ ಏರುತ್ತದೆ. ಹಗುರವಾದ ಸಣ್ಣ ಸ್ಕೋಪನ್ನು ನಾನು ಮೆಚ್ಚುವುದಕ್ಕೆ ಇದು ಎರಡನೆಯ ಕಾರಣ, ಮತ್ತು ‘ಹ್ಯಾಂಡ್‌ಗನ್ ಒದೆತಕ್ಕೆ ತಕ್ಕದ್ದು’ ಎಂದು ತಯಾರಕರು ಸ್ಪಷ್ಟವಾಗಿ ಹೇಳದ ಸ್ಕೋಪ್‌ಗೆ ಹಣ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ.

ನಿಮ್ಮ ರಿವಾಲ್ವರ್ ಯಾವ ಮಾದರಿಯದು ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. 1987ರಲ್ಲಿ ಬಂದ ರೂಗರ್ ಸೂಪರ್ ರೆಡ್‌ಹಾಕ್‌ನಲ್ಲಿ ಸ್ಕೋಪನ್ನು ಹಿಡಿಯುವ ರಿಂಗುಗಳು ನೇರವಾಗಿ ಫ್ರೇಮಿನ ಮೇಲೆಯೇ ಕೂರುವಂತೆ ಕಚ್ಚು ಕೊರೆದಿರುತ್ತಾರೆ. ರಿಂಗುಗಳ ಅಡಿಗೆ ಬೇಸು ಎಂಬ ಪ್ರತ್ಯೇಕ ತುಂಡೇ ಬೇಕಿಲ್ಲ. ಸಡಿಲಗೊಳ್ಳುವ ಒಂದು ಜಾಗ ಅಷ್ಟಕ್ಕೆ ಕಡಿಮೆಯಾಯಿತು. ಅದೇ ತಯಾರಕರ ಸೂಪರ್ ಬ್ಲಾಕ್‌ಹಾಕ್ ಹಂಟರ್ ಮಾದರಿಯಲ್ಲಿ ಈ ಕಚ್ಚುಗಳು ನಳಿಕೆಯ ಮೇಲಿನ ಪಟ್ಟಿಯಲ್ಲಿವೆ. ಈಚಿನ ಹಲವು ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳಲ್ಲಿ ಹಿಂದಿನ ಸೈಟನ್ನು ಬಿಚ್ಚಿದರೆ ಅದರಡಿಯಲ್ಲಿ ಬೇಸು ಕೂರಿಸಲು ಥ್ರೆಡ್ ಮಾಡಿದ ತೂತುಗಳು ಸಿಗುತ್ತವೆ. ಇಂಥ ಯಾವ ಸೌಕರ್ಯವೂ ಇಲ್ಲದ ರಿವಾಲ್ವರ್ ನಿಮ್ಮದಾದರೆ, ಫ್ರೇಮಿಗೆ ತೂತು ಕೊರೆಯುವ ಕೆಲಸವನ್ನು ಅನುಭವಿ ಗನ್‌ಸ್ಮಿತ್‌ಗೇ ಬಿಡಬೇಕು. ಸಿಲಿಂಡರ್ ಮೇಲೆ ಹಾದುಹೋಗುವ ಆ ಉಕ್ಕಿನ ಪಟ್ಟಿ ಪ್ರತಿ ಗುಂಡಿನ ಎಳೆತವನ್ನೂ ಹೊರುವ ಭಾಗ; .44 ಮ್ಯಾಗ್ನಮ್‌ಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 36,000 ಪೌಂಡ್. ಅಲ್ಲಿ ಒಂದು ತೂತು ಓರೆಯಾದರೆ ಅಥವಾ ಆಳ ಹೆಚ್ಚಾದರೆ ಸರಿಪಡಿಸಲು ದಾರಿಯಿಲ್ಲ.

ರಿಂಗುಗಳನ್ನು ಕೂರಿಸುವ ಮುನ್ನ ಪ್ರತಿಯೊಂದು ಸ್ಕ್ರೂವನ್ನೂ ಪ್ರತಿಯೊಂದು ತೂತನ್ನೂ ಆಲ್ಕೋಹಾಲ್ ಅಥವಾ ಅಸಿಟೋನ್‌ನಲ್ಲಿ ಒರೆಸಿ ಎಣ್ಣೆಯ ಅಂಶ ಪೂರ್ತಿ ತೆಗೆಯಿರಿ. ಬೇಸಿನ ಸ್ಕ್ರೂಗಳಿಗೆ ನೀಲಿ ಬಣ್ಣದ, ಅಂದರೆ ಬೇಕೆಂದಾಗ ಬಿಚ್ಚಬಹುದಾದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಕೆಂಪು ಬಣ್ಣದ್ದನ್ನು ಬಳಸಿದರೆ ಮುಂದೆ ಕಾಯಿಸದೆ ಬಿಚ್ಚಲಾಗುವುದಿಲ್ಲ. ಬೇಸು ಅಡ್ಡಗಚ್ಚುಗಳಿರುವ ರೈಲ್ ಆಗಿದ್ದರೆ ರಿಂಗಿನ ಅಡ್ಡ ಬೋಲ್ಟನ್ನು ಕಚ್ಚಿನೊಳಗೆ ಇಳಿಸಿ, ರಿಂಗನ್ನು ನಳಿಕೆಯ ತುದಿಯ ಕಡೆಗೆ ಒತ್ತಿ ಹಿಡಿದು, ಬೋಲ್ಟ್ ಕಚ್ಚಿನ ಮುಂಗೋಡೆಗೆ ಆತು ನಿಂತ ಮೇಲೆ ಬಿಗಿಯಿರಿ. ರಿವಾಲ್ವರ್ ಹಿಂದಕ್ಕೆ ಹೋದಾಗ ಸ್ಕೋಪ್ ಮುಂದಕ್ಕೆ ಜಾರಲು ನೋಡುವುದರಿಂದ, ಮೊದಲೇ ಮುಂಗೋಡೆಗೆ ಆತ ರಿಂಗಿಗೆ ಜಾರಲು ಎಡೆ ಉಳಿಯುವುದಿಲ್ಲ. ಇಂಥ ರೈಲ್‌ಗಳಲ್ಲಿ ವೀವರ್ ಮಾದರಿಯ ಕಚ್ಚು ಸುಮಾರು 4.6 ಮಿ.ಮೀ. ಅಗಲ, ಪಿಕಾಟಿನಿ ಮಾದರಿಯದು ಸುಮಾರು 5.2 ಮಿ.ಮೀ. ವೀವರ್ ರಿಂಗು ಪಿಕಾಟಿನಿ ರೈಲ್‌ಗೆ ತುಸು ಸಡಿಲವಾಗಿಯಾದರೂ ಹಿಡಿಯುತ್ತದೆ, ಪಿಕಾಟಿನಿ ರಿಂಗಿನ ಬೋಲ್ಟ್ ವೀವರ್ ಕಚ್ಚಿನೊಳಗೆ ಇಳಿಯುವುದಿಲ್ಲ. .44 ಮ್ಯಾಗ್ನಮ್‌ಗೆ ಎರಡು ಒಳ್ಳೆಯ ಉಕ್ಕಿನ ರಿಂಗುಗಳು ಸಾಕು. ಇದಕ್ಕಿಂತ ಬಲವಾದ .454 ಕ್ಯಾಸುಲ್, 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್ ಮ್ಯಾಗ್ನಮ್ ಇಂಥ ತೋಟಾಗಳಿಗೆ ಮೂರು ರಿಂಗು ಹಾಕುವುದು ಬಲ್ಲವರ ರೂಢಿ.

ಸ್ಕೋಪನ್ನು ರಿಂಗುಗಳಲ್ಲಿ ಮಲಗಿಸಿ, ಮೇಲಿನ ಅರ್ಧಗಳನ್ನು ಸಡಿಲವಾಗಿ ಹಾಕಿ, ಇನ್ನೂ ಬಿಗಿಯದೆ ಕಣ್ಣಿನ ಅಂತರ ನೋಡಿಕೊಳ್ಳಿ. ಕಣ್ಣು ಮುಚ್ಚಿ ರಿವಾಲ್ವರನ್ನು ನಿಮ್ಮ ಸಹಜ ಭಂಗಿಗೆ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಚಿತ್ರ ಅಂಚಿನಿಂದ ಅಂಚಿಗೆ ತುಂಬಿರಬೇಕು. ಸುತ್ತ ಕಪ್ಪು ಕಂಡರೆ ಸ್ಕೋಪನ್ನು ಹಿಂದೆಮುಂದೆ ಸರಿಸಿ. ಇದೇ ಹೊತ್ತಿಗೆ ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ, ಹೆಬ್ಬೆರಳಿಗೆ ಅದು ಸಿಗುತ್ತದೆಯೇ, ಕೈಗವಸು ಹಾಕಿದಾಗಲೂ ಸಿಗುತ್ತದೆಯೇ ಎಂದು ಪರೀಕ್ಷಿಸಬೇಕು. ಸ್ಕೋಪ್‌ನ ಹಿಂಭಾಗ ಹ್ಯಾಮರ್ ಮೇಲೆ ಚಾಚಿಕೊಂಡಿದ್ದರೆ ಹೆಬ್ಬೆರಳು ಜಾರಿ ಹ್ಯಾಮರ್ ಅರ್ಧದಿಂದ ಬಿಟ್ಟುಹೋಗುವ ಸಂಭವವಿದೆ. ಹ್ಯಾಮರ್‌ಗೆ ಪಕ್ಕಕ್ಕೆ ಚಾಚುವ ಒಂದು ಸಣ್ಣ ಹಿಡಿ ಜೋಡಿಸಿಕೊಂಡರೆ ಈ ತೊಂದರೆ ಕಳೆಯುತ್ತದೆ. ಸ್ಕೋಪ್ ಎಷ್ಟು ತಗ್ಗಿನಲ್ಲಿ ಕೂತರೆ ಅಷ್ಟು ಒಳ್ಳೆಯದು, ಆದರೆ ಮುಂದಿನ ಮಸೂರದ ಹೊರಕವಚ ನಳಿಕೆಗೆ ತಾಗಬಾರದು.

ನಿಲುವುಗೆರೆಯನ್ನು ನೇರ ಮಾಡಲು, ಗುರಿಯ ಜಾಗದಲ್ಲಿ ತೂಗುಗುಂಡು ಕಟ್ಟಿದ ದಾರವೊಂದನ್ನು ನೇತುಹಾಕಿ, ರಿವಾಲ್ವರನ್ನು ಮಟ್ಟಗೋಲಿನಿಂದ ಮಟ್ಟ ಮಾಡಿ, ಗೆರೆ ದಾರದ ಮೇಲೆ ಬೀಳುವವರೆಗೆ ಸ್ಕೋಪನ್ನು ತಿರುಗಿಸಿ. ಐದು ಡಿಗ್ರಿ ವಾಲಿದ ರಿವಾಲ್ವರ್ 100 ಮೀಟರ್‌ನಲ್ಲಿ ಗುಂಡನ್ನು 2–3 ಸೆಂ.ಮೀ. ಪಕ್ಕಕ್ಕೆ ಒಯ್ಯುತ್ತದೆ, ದೊಡ್ಡದೇನಲ್ಲ, ಆದರೆ ಉಳಿದ ದೋಷಗಳ ಜೊತೆ ಅದೂ ಕೂಡುತ್ತದೆ. ಕೊನೆಯಲ್ಲಿ ರಿಂಗಿನ ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಎರಡು ಬದಿಯ ಸಂದು ಸಮನಾಗಿರುವಂತೆ ಬಿಗಿಯಬೇಕು. ರಿಂಗ್ ತಯಾರಕರು ಟಾರ್ಕ್ (ಸ್ಕ್ರೂ ತಿರುಗಿಸಿ ಬಿಗಿಯುವ ಬಲ) ಎಷ್ಟೆಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಅದು 15ರಿಂದ 18 ಇಂಚು-ಪೌಂಡ್, ಅಂದರೆ ಸುಮಾರು 2 ನ್ಯೂಟನ್-ಮೀಟರ್ ಒಳಗೆ. ಟಾರ್ಕ್ ಅಳೆಯುವ ಸ್ಕ್ರೂಡ್ರೈವರ್ ಇಲ್ಲದೆ ಅಂದಾಜಿನ ಮೇಲೆ ಬಿಗಿದರೆ ಒಂದೋ ಸ್ಕೋಪ್ ಜಾರುತ್ತದೆ, ಇಲ್ಲವೇ ಅದರ ಕೊಳವೆ ನಜ್ಜಾಗುತ್ತದೆ. ಬಿಗಿದ ಮೇಲೆ ರಿಂಗ್ ಮತ್ತು ಕೊಳವೆ ಸೇರುವ ಅಂಚಿನಲ್ಲಿ ಬಣ್ಣದ ಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆದಿಡಿ. ಗೆರೆಯ ಎರಡು ತುಂಡುಗಳು ಬೇರೆಯಾದ ದಿನ ಸ್ಕೋಪ್ ಜಾರಿದೆಯೆಂದು ತಕ್ಷಣ ತಿಳಿಯುತ್ತದೆ, ಝೀರೋ ಹೋದದ್ದಕ್ಕೆ ತೋಟಾವನ್ನೋ ಕೈಯನ್ನೋ ದೂರುತ್ತ ಕೂರಬೇಕಾಗುವುದಿಲ್ಲ.

ಝೀರೋ ಮಾಡಲು 25 ಮೀಟರ್‌ನಲ್ಲಿ ದೊಡ್ಡ ಕಾಗದದೊಂದಿಗೆ ಆರಂಭಿಸಿ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಕಡ್ಡಾಯ; .44 ಮ್ಯಾಗ್ನಮ್‌ನ ಸದ್ದು ಒಂದೇ ಗುಂಡಿಗೂ ಶ್ರವಣಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಒಂದೊಂದು ಗುಂಡಿಗೂ ಸ್ಕೋಪ್‌ನ ತಿದ್ದುವ ತಿರುಪನ್ನು ತಿರುಗಿಸುತ್ತ ಹೋಗದೆ, ಮೂರು ಗುಂಡು ಹೊಡೆದು ಅವುಗಳ ನಡುಬಿಂದುವನ್ನು ನೋಡಿ ತಿದ್ದಿ. ತಿರುಪಿನ ಒಂದೊಂದು ಕ್ಲಿಕ್ಕಿಗೆ ಕಾಲು ಮಿನಿಟ್ (ಮಿನಿಟ್ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಸರಿಯುವ ಸ್ಕೋಪ್‌ನಲ್ಲಿ ಒಂದು ಕ್ಲಿಕ್ 100 ಮೀಟರ್‌ನಲ್ಲಿ 7.3 ಮಿ.ಮೀ. ಸರಿಸುತ್ತದೆ, 50ರಲ್ಲಿ 3.6, 25ರಲ್ಲಿ ಕೇವಲ 1.8 ಮಿ.ಮೀ. ಆದ್ದರಿಂದ 25 ಮೀಟರ್‌ನಲ್ಲಿ ಗುಂಪು 4 ಸೆಂ.ಮೀ. ಕೆಳಗಿದ್ದರೆ ಇಪ್ಪತ್ತೆರಡು ಕ್ಲಿಕ್ ಬೇಕು. ನಾಲ್ಕೈದು ಕ್ಲಿಕ್ ತಿರುಗಿಸಿ ಏನೂ ಬದಲಾಗಲಿಲ್ಲವೆಂದು ಸ್ಕೋಪನ್ನು ದೂಷಿಸುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ.

ಎಷ್ಟು ದೂರಕ್ಕೆ ಝೀರೋ ಮಾಡಬೇಕೆಂಬುದಕ್ಕೆ ನನ್ನ ಸಲಹೆ 75 ಮೀಟರ್. ಮೇಲೆ ಹೇಳಿದ 240 ಗ್ರೇನ್ ಗುಂಡು, ನಳಿಕೆಯ ನಡುಗೆರೆಯಿಂದ ನಾಲ್ಕೂವರೆ ಸೆಂ.ಮೀ. ಎತ್ತರದ ಸ್ಕೋಪ್ ಎಂದಿಟ್ಟುಕೊಂಡರೆ, ಈ ಝೀರೋದಲ್ಲಿ ಗುಂಡು 25 ಮೀಟರ್‌ನಲ್ಲಿ ಸುಮಾರು ಒಂದೂವರೆ ಸೆಂ.ಮೀ., 50ರಲ್ಲಿ ಸುಮಾರು 3 ಸೆಂ.ಮೀ. ಮೇಲೆ ಬಡಿಯುತ್ತದೆ, 100 ಮೀಟರ್‌ನಲ್ಲಿ 9 ಸೆಂ.ಮೀ. ಆಸುಪಾಸು ಕೆಳಗೆ. 50 ಮೀಟರ್‌ಗೆ ಝೀರೋ ಮಾಡಿದರೆ 100ರಲ್ಲಿ ಇಳಿತ 15 ಸೆಂ.ಮೀ. ಮುಟ್ಟುತ್ತದೆ, 100ಕ್ಕೇ ಝೀರೋ ಮಾಡಿದರೆ 50ರಲ್ಲಿ ಏಳೆಂಟು ಸೆಂ.ಮೀ. ಮೇಲೆ ಹೋಗುತ್ತದೆ, ಜಿಂಕೆ ಹೆಚ್ಚಾಗಿ ಸಿಗುವುದು ಆ ದೂರದಲ್ಲೇ. ಇವು ನಿಮ್ಮ ತೋಟಾಕ್ಕೆ ತುಸು ಬದಲಾಗುತ್ತವೆ. 25, 50, 75, 100 ಮೀಟರ್‌ಗಳಲ್ಲಿ ನೀವೇ ಹೊಡೆದು ಬರೆದಿಟ್ಟುಕೊಂಡ ಅಂಕಿಗಳೇ ಕೊನೆಯ ಪ್ರಮಾಣ.

ಈಗ ಬೆಂಚಿಗೂ ಕಾಡಿಗೂ ಇರುವ ವ್ಯತ್ಯಾಸದ ಮಾತು. ನಿಮ್ಮ ಸ್ನೇಹಿತರು ಹೇಳಿದ್ದು ನಿಜ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಗುಂಡು ಇನ್ನೂ ನಳಿಕೆಯೊಳಗೆ ಇರುವಾಗಲೇ ರಿವಾಲ್ವರ್ ಹಿಂದಕ್ಕೂ ಮೇಲಕ್ಕೂ ಚಲಿಸಲು ತೊಡಗಿರುತ್ತದೆ. ನಳಿಕೆ ಕೈಹಿಡಿಗಿಂತ ಎತ್ತರದಲ್ಲಿರುವುದರಿಂದ ಒದೆತ ಅದನ್ನು ಮೇಲಕ್ಕೆ ತಿರುಗಿಸುತ್ತದೆ. ಗುಂಡು ಹೊರಬೀಳುವ ಕ್ಷಣಕ್ಕೆ ನಳಿಕೆಯ ತುದಿ ಎಷ್ಟು ಎದ್ದಿರುತ್ತದೆ ಎಂಬುದು ನೀವು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ, ರಿವಾಲ್ವರ್ ಯಾವುದರ ಮೇಲೆ ಆತಿದೆ ಎಂಬುದನ್ನು ಅವಲಂಬಿಸುತ್ತದೆ. ಹಿಡಿತ ಸಡಿಲವಾದರೆ ಗುಂಡು ಬಡಿಯುವ ಜಾಗ ಬದಲಾಗುತ್ತದೆ. ನಳಿಕೆಯನ್ನು ಗಟ್ಟಿ ಮರದ ಮೇಲೋ ಕಲ್ಲಿನ ಮೇಲೋ ಊರಿದರೆ ಅದು ಪುಟಿದು ಮತ್ತೂ ಬದಲಾಗುತ್ತದೆ. ಇದೇ ಕಾರಣಕ್ಕೆ, ಒಂದೇ ರಿವಾಲ್ವರ್‌ನಲ್ಲಿ ಭಾರವಾದ ನಿಧಾನದ ಗುಂಡು ಹಗುರವಾದ ವೇಗದ ಗುಂಡಿಗಿಂತ ಸಮೀಪದ ಗುರಿಯಲ್ಲಿ ಮೇಲೆ ಬಡಿಯುತ್ತದೆ. ಅದು ನಳಿಕೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ತುದಿ ಹೆಚ್ಚು ಎದ್ದಿರುತ್ತದೆ. ತೋಟಾದ ತೂಕ ಬದಲಿಸಿದರೆ ಝೀರೋ ಹೊಸದಾಗಿ ಮಾಡಲೇಬೇಕು.

ಪರಿಹಾರ ಸರಳವಾಗಿದೆ, ಆದರೆ ಶಿಸ್ತು ಬೇಡುತ್ತದೆ. ಬೆಂಚಿನಲ್ಲಿ ಮರಳು ಚೀಲದ ಮೇಲೆ ನಿಮ್ಮ ಮುಂಗೈಗಳನ್ನು ಊರಿ, ನಳಿಕೆ ಯಾವುದಕ್ಕೂ ತಾಗದಂತೆ, ಕಾಡಿನಲ್ಲಿ ಹಿಡಿಯುವಷ್ಟೇ ಬಿಗಿಯಾಗಿ ಎರಡೂ ಕೈಯಲ್ಲಿ ಹಿಡಿದು ಝೀರೋ ಮಾಡಿ. ಬಳಿಕ ಬೆಂಚು ಬಿಟ್ಟೆದ್ದು, ಶೂಟಿಂಗ್ ಕೋಲುಗಳ ಮೇಲೆ, ಕುಳಿತು ಮೊಣಕಾಲಿನ ಆಸರೆಯಲ್ಲಿ, ಮರಕ್ಕೆ ಕೈ ಒತ್ತಿ, ಹೀಗೆ ಬೇಟೆಯಲ್ಲಿ ಬಳಸುವ ಪ್ರತಿ ಭಂಗಿಯಲ್ಲೂ ಹೊಡೆದು, ಗುಂಪು ಎಲ್ಲಿ ಬೀಳುತ್ತದೆಂದು ನೋಡಿ ಅಂತಿಮ ತಿದ್ದುಪಡಿ ಮಾಡಿ. ಕೊನೆಯ ಮಾತು ಬೆಂಚಿನದ್ದಾಗಬಾರದು, ಬೇಟೆಯ ಭಂಗಿಯದ್ದಾಗಬೇಕು.

ಆಸರೆಯ ವಿಷಯ ಬಂದಾಗ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ರಿವಾಲ್ವರ್‌ನ ಸಿಲಿಂಡರ್‌ಗೂ ನಳಿಕೆಗೂ ನಡುವೆ 0.1ರಿಂದ 0.2 ಮಿ.ಮೀ.ಯಷ್ಟು ಸಂದು ಇರುತ್ತದೆ. ಪ್ರತಿ ಗುಂಡಿಗೂ ಆ ಸಂದಿನಿಂದ ಬಿಸಿ ಅನಿಲ ಮತ್ತು ಸೀಸದ ಚೂರುಗಳು ಎರಡು ಪಕ್ಕಕ್ಕೂ ಹಾರುತ್ತವೆ. ಸ್ಕೋಪ್ ಹಾಕಿದ ಮೇಲೆ ಮುಂಭಾರ ಹೆಚ್ಚಿ, ರೈಫಲ್ ಅಭ್ಯಾಸ ಇದ್ದವರ ಎಡಗೈ ತಾನಾಗಿ ಮುಂದಕ್ಕೆ ನಳಿಕೆಯ ಅಡಿಗೆ ಹೋಗುತ್ತದೆ. ಬೆರಳು ಆ ಸಂದಿನ ಪಕ್ಕದಲ್ಲಿದ್ದರೆ .44ರಲ್ಲಿ ಆಳವಾದ ಗಾಯ ಖಂಡಿತ, .460 ಮತ್ತು .500 ಮ್ಯಾಗ್ನಮ್‌ಗಳಲ್ಲಿ ಬೆರಳೇ ತುಂಡಾಗಬಲ್ಲದು. ಎರಡು ಕೈಗಳೂ ಹಿಡಿಯ ಮೇಲೆಯೇ ಇರಬೇಕು. ಕುಳಿತೋ ಒರಗಿಯೋ ಹೊಡೆಯುವಾಗ ಆ ಸಂದಿನ ಪಕ್ಕಕ್ಕೆ ಮೊಣಕಾಲು ಬರದಂತೆಯೂ ನೋಡಿಕೊಳ್ಳಿ. ಮರಳು ಚೀಲದ ಬಟ್ಟೆಯೂ ಸುಟ್ಟು ಹರಿಯುತ್ತದೆ, ಸಂದಿನ ಕೆಳಗೆ ಒಂದು ಚರ್ಮದ ತುಂಡು ಹಾಕಿಕೊಳ್ಳುವುದು ಒಳ್ಳೆಯದು.

ಕಾಡಿನಲ್ಲಿ ಸ್ಕೋಪ್ ಬಳಸುವ ಕ್ರಮ ಅಭ್ಯಾಸದಿಂದಲೇ ಬರಬೇಕು. ಪ್ರಾಣಿಯ ಮೇಲೆ ಕಣ್ಣು ನೆಟ್ಟು, ಕಣ್ಣನ್ನು ಸರಿಸದೆಯೇ ರಿವಾಲ್ವರನ್ನು ನೋಟದ ಸಾಲಿಗೆ ಎತ್ತಿ ತರಬೇಕು. ಮೊದಲು ಸ್ಕೋಪ್‌ನೊಳಗೆ ಕಣ್ಣಿಟ್ಟು ಆಮೇಲೆ ಪ್ರಾಣಿಯನ್ನು ಹುಡುಕುವವರಿಗೆ ಬರೀ ಎಲೆಗಳೇ ಕಾಣುತ್ತವೆ, ಏಕೆಂದರೆ ಹ್ಯಾಂಡ್‌ಗನ್ ಸ್ಕೋಪ್‌ನ ನೋಟದ ಹರವು ರೈಫಲ್ ಸ್ಕೋಪ್‌ಗಿಂತ ಬಹಳ ಕಿರಿದು. ಹ್ಯಾಮರ್ ಹಿಂದಕ್ಕೆ ಎಳೆಯುವುದು ಕ್ರಾಸ್‌ಹೇರ್ ಪ್ರಾಣಿಯ ಮೇಲೆ ಬಂದ ನಂತರ, ಬೆರಳು ಟ್ರಿಗರ್ ಮುಟ್ಟುವುದು ಹೊಡೆಯಲು ನಿರ್ಧರಿಸಿದ ನಂತರ. ಕ್ರಾಸ್‌ಹೇರ್ ಅಲುಗಾಡದೆ ನಿಲ್ಲುವುದನ್ನು ಕಾಯಬೇಡಿ, ಅದು ನಿಲ್ಲುವುದಿಲ್ಲ. ಅದು ಹೃದಯ ಮತ್ತು ಶ್ವಾಸಕೋಶದ ಭಾಗದೊಳಗೇ ಅಲೆಯುತ್ತಿದ್ದರೆ ಸಾಕು, ಒಂದೇ ಸಮನೆ ಒತ್ತಡ ಹೆಚ್ಚಿಸುತ್ತ ಹೋಗಿ. ಮನೆಯಲ್ಲಿ ಖಾಲಿ ರಿವಾಲ್ವರ್‌ನಿಂದ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಅಭ್ಯಾಸ ಮಾಡಿದರೆ, ಹ್ಯಾಮರ್ ಬಿದ್ದ ಕ್ಷಣ ಕ್ರಾಸ್‌ಹೇರ್ ಯಾವ ಕಡೆಗೆ ಜಿಗಿಯಿತೆಂದು ಸ್ಕೋಪೇ ತೋರಿಸಿಕೊಡುತ್ತದೆ. ತೆರೆದ ಸೈಟುಗಳು ಇಷ್ಟು ನಿಷ್ಠುರವಾಗಿ ಕಲಿಸುವುದಿಲ್ಲ.

ಬೆನ್ನ ಹಿಂದೆ ಸೂರ್ಯನಿದ್ದಾಗ ಬೆಳಕು ನೇರ ಹಿಂದಿನ ಮಸೂರದ ಮೇಲೆ ಬಿದ್ದು ಚಿತ್ರ ಬಿಳಿಚಿಕೊಳ್ಳುತ್ತದೆ. ರೈಫಲ್‌ನಲ್ಲಿ ತಲೆಯ ನೆರಳು ಅದನ್ನು ತಡೆಯುತ್ತದೆ, ಇಲ್ಲಿ ತಡೆಯಲು ಏನೂ ಇಲ್ಲ. ಅಗಲ ಅಂಚಿನ ಟೋಪಿ ಸ್ವಲ್ಪ ನೆರವಾಗುತ್ತದೆ, ಕೂರುವ ಜಾಗವನ್ನೇ ಯೋಚಿಸಿ ಆರಿಸುವುದು ಇನ್ನೂ ಒಳ್ಳೆಯದು. ಮಳೆಯಲ್ಲಿ ಎರಡೂ ಮಸೂರಗಳಿಗೆ ಮುಚ್ಚಳ ಬೇಕು. ಸ್ಕೋಪ್ ಹಾಕಿದ ರಿವಾಲ್ವರ್ ಸೊಂಟದ ಹೋಲ್‌ಸ್ಟರ್‌ಗೆ ಒಗ್ಗುವುದಿಲ್ಲ. ಎದೆಯ ಮೇಲೆ ಅಡ್ಡಲಾಗಿ ಕಟ್ಟುವಂಥದ್ದು ಸರಿಹೊಂದುತ್ತದೆ. ಮತ್ತು ದಯವಿಟ್ಟು ಯಾವ ಕಾರಣಕ್ಕೂ ಸ್ಕೋಪನ್ನು ದುರ್ಬೀನಿನಂತೆ ಬಳಸಬೇಡಿ. ಪೊದೆಯಲ್ಲಿ ಅಲುಗಿದ್ದು ಏನೆಂದು ಸ್ಕೋಪ್‌ನಲ್ಲಿ ನೋಡುವುದೆಂದರೆ, ಅದು ಮನುಷ್ಯನಾಗಿದ್ದ ಪಕ್ಷದಲ್ಲಿ ಅವನ ಕಡೆಗೆ ನಳಿಕೆ ತಿರುಗಿಸಿದಂತೆ. ಕುತ್ತಿಗೆಯಲ್ಲಿ ಒಂದು ಸಣ್ಣ ಬೈನಾಕ್ಯುಲರ್ ಇರಲಿ.

ಸ್ಕೋಪ್ ಗುರಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ, ತೋಟಾದ ಬಲವನ್ನು ಹೆಚ್ಚಿಸುವುದಿಲ್ಲ. 100 ಮೀಟರ್‌ನಾಚೆಯ ಜಿಂಕೆ ಸ್ಕೋಪ್‌ನಲ್ಲಿ ಸುಲಭವಾಗಿ ಕಂಡಿತೆಂದು ಹೊಡೆದು, ಗಾಯಗೊಂಡ ಪ್ರಾಣಿ ಸಾಯಲೂ ಆಗದೆ ದಿನಗಟ್ಟಲೆ ನರಳುವಂತಾಗುವುದು ನನಗೆ ಸಹಿಸಲಾಗದ ಸಂಗತಿ. ಜಿಂಕೆಯ ಹೃದಯ-ಶ್ವಾಸಕೋಶದ ಭಾಗ ಸುಮಾರು 20 ಸೆಂ.ಮೀ. ಅಗಲದ್ದು. ಬೇಟೆಯ ಭಂಗಿಯಲ್ಲಿ, ತುಸು ಓಡಿಬಂದು ಉಸಿರು ಏರಿರುವಾಗ, ಹೊಡೆದ ಪ್ರತಿಯೊಂದು ಗುಂಡನ್ನೂ 15 ಸೆಂ.ಮೀ. ವೃತ್ತದೊಳಗೆ ಇಡಬಲ್ಲ ದೂರ ಎಷ್ಟೋ ಅದೇ ನಿಮ್ಮ ಮಿತಿ. ಅದು 60 ಮೀಟರ್ ಎಂದು ಬಂದರೆ 65ಕ್ಕೆ ಹೊಡೆಯಬಾರದು. ಹ್ಯಾಂಡ್‌ಗನ್ ಬೇಟೆಗೆ ಅವಕಾಶವಿರುವ ಅಮೆರಿಕದ ಹಲವು ರಾಜ್ಯಗಳಲ್ಲಿ ಕನಿಷ್ಠ ಕ್ಯಾಲಿಬರ್, ನಳಿಕೆಯ ಕನಿಷ್ಠ ಉದ್ದ ಇಂಥವುಗಳಿಗೆ ನಿಯಮಗಳಿವೆ. ನೀವು ಬೇಟೆಯಾಡುವ ಜಾಗದ ಆ ವರ್ಷದ ನಿಯಮಗಳನ್ನು ಓದಿಕೊಂಡೇ ಹೊರಡಿ.

ಋತು ಆರಂಭವಾಗುವ ಮುನ್ನ ಬೇಸು ಮತ್ತು ರಿಂಗಿನ ಸ್ಕ್ರೂಗಳ ಟಾರ್ಕ್ ಮತ್ತೆ ಪರೀಕ್ಷಿಸಿ, ಬಣ್ಣದ ಗೆರೆ ನೋಡಿ, ಬೇಟೆಗೆ ಒಯ್ಯುವ ತೋಟಾದಿಂದಲೇ ಮೂರು ಗುಂಡು ಹೊಡೆದು ಝೀರೋ ಖಚಿತಪಡಿಸಿಕೊಳ್ಳಿ. ಪ್ರಯಾಣದಲ್ಲಿ ರಿವಾಲ್ವರ್ ಬಿದ್ದರೆ ಅಥವಾ ಸ್ಕೋಪ್‌ಗೆ ಪೆಟ್ಟು ತಗುಲಿದರೆ, ಹೊರಗೆ ಏನೂ ಕಾಣದಿದ್ದರೂ, ಮತ್ತೆ ಕಾಗದದ ಮೇಲೆ ಹೊಡೆದು ನೋಡದೆ ಪ್ರಾಣಿಯ ಮೇಲೆ ಹೊಡೆಯಬಾರದು. ಬೇಸಿಗೆಂದು ಬಿಚ್ಚಿದ ಹಿಂದಿನ ಸೈಟನ್ನೂ ಅದರ ಸ್ಕ್ರೂಗಳನ್ನೂ ಹೆಸರು ಬರೆದ ಪೊಟ್ಟಣದಲ್ಲಿಟ್ಟು, ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಸಮೇತ ಬೇಟೆಯ ಚೀಲದಲ್ಲೇ ಇರಿಸಿಕೊಳ್ಳಿ. ಬಿಡಾರದಲ್ಲಿ ಸ್ಕೋಪ್ ಕೈಕೊಟ್ಟರೆ ಸೈಟನ್ನು ಮರಳಿ ಕೂರಿಸಿ, ಅದಕ್ಕೂ ಹೊಸದಾಗಿ ಝೀರೋ ಮಾಡಿ, ದೂರವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಂಡು ಬೇಟೆ ಮುಂದುವರಿಸಬಹುದು.